ಬಿಳಿ ಕಪ್ಪಿ ಹಾಕ್ರಿ ಅಂದಿದ್ನಿ

ದೋಸ್ತ,

ನೀ ಕಳಿಸಿದ ಲೂರ್ ಡಬ್ಬಿ, ಅಂದ್ರ ಗಾಳಕ್ಕ ಕಟ್ಟೋ ಹುಸಿ ಮೀನ ಹುಸಿ ಹುಳದ ಡಬ್ಬಿ ಬಗ್ಗೆ ಬರೀತೀನಿ ಬರೀತೀನಿ ಅಂತ ಉಗಾದಿಯಿಂದ ಹೇಳಕೋತ ಬಂದ್ನಿ, ಈಗ ನೋಡಿದ್ರ ಮಹಾನವಮಿ ಬಂತು, ಮನ್ಯಾಗ ಘಟ ಹಾಕ್ಯಾರ, ಇವತ್ತ ಸೂಟಿ, ಕುಂತೀನಿ. ನೀ ಕೇಳಿದ್ದು ಸಣ್ಣ ಪ್ರಶ್ನೆ. "ಯಾವ ಲೂರ್ ಕೆಲಸಾ ಮಾಡಿದ್ವು, ಯಾವು ಮಾಡಲಿಲ್ಲ, ಖರೇ ಹೇಳು." ಆ ಖರೇ ಹೇಳು ಅನ್ನೋ ಮಾತಿಗೇ ತಡಾ ಆತು ಅಂತ ತಿಳಕೋ. ನಿನ್ನ ವಾಟ್ಸಾಪ್‌ಗೆ ಹಾಕೂದು ಬಿಟ್ಟು ಇಲ್ಲಿ ಎಲ್ಲಾರ ಮುಂದ ಯಾಕ ಹಾಕಾಕತ್ತೀನಿ ಅಂದ್ರ ನಮ್ಮ ಹುಡುಗೂರೂ ಓದ್ಲಿ ಅಂತ, ಯಾವ ಹುಡುಗೂರು ಅನ್ನೂದು ಮುಂದ ಗೊತ್ತಾಗ್ತೈತಿ.

ಮೊದಲ ಹಸರ ಬಕೆಟ್ ಸುದ್ದಿ. ಐತಿ. ಹಿಡಿಕಿ ಮುರದೈತಿ, ಆದ್ರ ಐತಿ. ಹೆಚ್ಚಿಗಿ ಕೇಳಬ್ಯಾಡ.

ಡಬ್ಬಿ ತಗದ ದಿನಾ ಸಣ್ಣಾಕಿ ಎಲ್ಲಾ ಲೂರ್ ಚಾಪಿ ಮ್ಯಾಲ ಸಾಲಾಗಿ ಹಚ್ಚಿದಳು, ಜಾತ್ರಿಯೊಳಗ ಬಳಿ ಅಂಗಡಿ ಇಟ್ಟಂಗ ಕಾಣ್ತಿತ್ತು, ಕೆಂಪ, ಹಳದಿ, ಬೆಳ್ಳಿ ಬಣ್ಣ, ಒಂದಕ್ಕ ಕಣ್ಣ, ಒಂದಕ್ಕ ಜಾಲರಿ ಲಂಗಾ. "ಅಪ್ಪಾ, ಇವು ಮೀನಿಗೆ ಆಟಗಿ ಸಾಮಾನೇನು?" ಅಂತ ಕೇಳಿದಳು. ಹೌದವಾ ಅಂದ್ನಿ. ಆವತ್ತ ರಾತ್ರಿ ಎರಡರ ತನಕಾ ನಾನೂ ಅದನ್ನ ನೋಡಕೋತ ಕುಂತಿದ್ನಿ ಅನ್ನೂದು ಮನ್ಯಾಗಿನವರಿಗೆ ಗೊತ್ತೈತಿ, ನಿನಗೂ ಗೊತ್ತಿರಲಿ.

ಓದೋ ಮಂದಿಗೆ ಒಂದ ಮಾತ ಹೇಳಿ ಮುಂದ ಹೋಗ್ತೀನಿ. ನಮ್ಮ ದೋಸ್ತ ಡಲ್ಲಾಸ್‌ನಾಗ ಇರ್ತಾನ. ಅಲ್ಲಿಂದ ಪೂರ್ವಕ್ಕ ಗಾಡಿ ಹೊಡಕೊಂಡು ಹೋದ್ರ ಲೇಕ್ ಫೋರ್ಕ್ ಅಂತ ದೊಡ್ಡ ಡ್ಯಾಮಿನ ನೀರ ಐತಿ, ಟೆಕ್ಸಾಸ್ ರಾಜ್ಯದ ದಾಖಲೆ ಬಾಸ್ ಮೀನ 1992ರಾಗ ಅಲ್ಲೇ ಬಿದ್ದದ್ದು, 18.18 ಪೌಂಡ್, ಅಂದ್ರ ಎಂಟೂಕಾಲ ಕಿಲೋ ಹತ್ತಿರ. ಲಾರ್ಜ್‌ಮೌತ್ ಬಾಸ್ ಅದು, ಹೆಸರು ಬಾಸ್ ಅಂದ್ರೂ ಮನೆತನ ಸನ್‌ಫಿಶ್‌ದು. ನಮ್ಮ ಕೆರಿಯೊಳಗ ಆ ಮೀನ ಇಲ್ಲ. ನಮ್ಮಲ್ಲಿ ಅದರ ಜಾಗಾದಾಗ ಕುಂತಿರೂದು ಮುರ್ರೆಲ್, ಪುಸ್ತಕದ ಕನ್ನಡದಾಗ ಕೊರವ. ಎರಡಕ್ಕೂ ರಕ್ತ ಸಂಬಂಧ ಏನಿಲ್ಲ, ಆದ್ರ ಕಸುಬ ಒಂದ, ಕಸದ ಬಾಜೂಕ ಗಪ್ಪ ನಿಂದರೂದು, ಎದುರಿಗೆ ಬಂದದ್ದನ್ನ ಒಮ್ಮಿಗೇ ಹೊಡಿಯೂದು. ಅದಕ್ಕ ಬಾಸ್ ಸಲುವಾಗಿ ಮಾಡಿದ ಲೂರ್ ಧಾರವಾಡದ ಸುತ್ತಲಿನ ಕೆರಿಯೊಳಗ ನಡೀತಾವ. ಎಲ್ಲಾ ಅಲ್ಲ, ಕೆಲವು.

ಹುಳದಿಂದ ಶುರು ಮಾಡ್ತೀನಿ, ಯಾಕಂದ್ರ ನೀ ಅದನ್ನ ಡಬ್ಬಿಯೊಳಗ ಎಲ್ಲಾಕ್ಕಿಂತ ಕೆಳಗ ಇಟ್ಟಿದ್ದಿ ಮತ್ತ ಅದ ಎಲ್ಲಾಕ್ಕಿಂತ ಚಲೋ ಮಾಲು. ಕರಿ-ನೀಲಿ ಪ್ಲಾಸ್ಟಿಕ್ ಹುಳಾ, ಪಾಕೀಟ ಹರದ ಕೂಡ್ಲೇ ಬಡೇಸೋಪಿನ ವಾಸನಿ ಮನಿ ತುಂಬಾ. 1949ರಾಗ ಒಹಾಯೋದ ಅಕ್ರಾನ್ ಊರಾಗ ನಿಕ್ ಕ್ರೀಮ್ ಅನ್ನಾಂವ, ಮಶೀನ್ ಕೆಲಸದ ಮನಶ್ಯಾ, ಹೆಂಡ್ತಿ ಜೋಡಿ ಅಡಗಿ ಮನ್ಯಾಗ ಪ್ಲಾಸ್ಟಿಕ್ ಕಾಸಿ ಅಚ್ಚಿಗೆ ಹೊಯ್ದ ಮಾಡಿದ್ದು ಈ ಹುಳದ ಮುತ್ಯಾ, ಆಮ್ಯಾಲ ಅವನ ಕಂಪನಿ ನಿಮ್ಮ ಟೆಕ್ಸಾಸ್‌ನ ಟೈಲರ್ ಅನ್ನೋ ಊರಿಗೇ ಬಂತು. ಸೀಸದ ಗುಂಡ ಮುಂದ, ಗಾಳದ ಮೊನಿ ಹುಳದ ಮೈಯೊಳಗ ಹುದಗಿಸಿಬಿಟ್ರ ಕಸಕ್ಕ ಸಿಗೂದಿಲ್ಲ, ಅದಕ್ಕ ಟೆಕ್ಸಾಸ್ ರಿಗ್ ಅಂತ ನಿಮ್ಮ ರಾಜ್ಯದ ಹೆಸರ ಬಂತು. ನಾವು ಕೆಲಗೇರಿ ಕೆರಿ ದಂಡಿಗೆ ಕೊಬ್ಬರಿ ಚಿಪ್ಪಿನಾಗ ಎರಿಹುಳಾ ಒಯ್ಯತಿದ್ವಲ್ಲ, ಬಿದಿರ ಕೋಲಿಗೆ ಟೇಲರ್ ಅಂಗಡಿ ದಾರಾ ಕಟ್ಟಿ, ಆ ಹುಳಕ್ಕೂ ಈ ಹುಳಕ್ಕೂ ನಡಿಗಿ ಒಂದ. ನೀ ಹೇಳಿದಂಗ ಕೋಲಿನ ತುದಿ ಎತ್ತೂದು, ಬಿಡೂದು, ಬಿಟ್ಟ ಮ್ಯಾಲ ಹತ್ತ ಎಣಸೂದು. ಏಪ್ರಿಲ್ ತಿಂಗಳದಾಗ ಕೆರಿ ನೀರ ಇಳದು ನಡುವಿನ ತಗ್ಗಿಗೆ ಬಂದಿತ್ತು, ಬಿಸಲಿಗೆ ಮೀನ ಕೆಳಗ ಕುಂತಿದ್ವು, ಹತ್ತ ಎಣಸೂದ್ರಾಗ ಏಳಕ್ಕ ದಾರಾ ಬಾಜೂಕ ಸರೀತು. ಬರೇ ಸರೀತು, ಎಳತಾನೂ ಇಲ್ಲ ಜಗ್ಗಾಟಾನೂ ಇಲ್ಲ. ಆ ಸರಿಯೂದನ್ನ ನೋಡಾಕ ಕಣ್ಣ ಬೇಕು, ಕೈಗೆ ಗೊತ್ತಾಗೂದಿಲ್ಲ. ಹುಳದ ಮ್ಯಾಲ ಒಟ್ಟ ನಾಕ ಮುರ್ರೆಲ್ ಬಿದ್ದಾವ, ನಾಕನ್ನೂ ಬಿಟ್ಟೀನಿ, ಸಣ್ಣವು.

ಗ್ಯಾರಿ ಯಾಮಾಮೊಟೊ ಕಂಪನಿಯ ಸೆಂಕೋ ಅನ್ನೋ ಲೂರ್ ಮೂರ ದಿನಕ್ಕ ಮುಗದು ಹೋದ್ವು. ಐದ ಇಂಚಿನ ಬಡಗಿ, ನೋಡಾಕ ಏನೂ ಇಲ್ಲ, ಮೈಯಾಗ ಉಪ್ಪ ತುಂಬಿರ್ತಾರ, ಆ ಭಾರಕ್ಕ ನೀರಾಗ ಇಳ್ಯಾಕರ ಎರಡೂ ತುದಿ ನಡಗಕೋತ ಇಳೀತೈತಿ, ಆ ನಡಗೂದರಾಗ ಎಲ್ಲಾ ಐತಿ. ಆದ್ರ ಉಪ್ಪಿನ ಮಾಲು ಮೆತ್ತಗ, ಜಿಲೇಬಿ ಮೀನ, ಅಂದ್ರ ತಿಲಾಪಿಯಾ, ಬಂದು ತುದಿ ಚಿವುಟಿ ಚಿವುಟಿ ತಿಂದ್ವು. ನಿಮ್ಮ ಕಡೆ ಅದು ಎಲ್ಲಾಕ್ಕಿಂತ ಗ್ಯಾರಂಟಿ ಲೂರ್ ಇರಬೇಕು, ಹೊಸಬರ ಕೈಗೂ ಮೀನ ಕೊಡ್ತೈತಿ, ಆದ್ರ ಜಿಲೇಬಿ ತುಂಬಿದ ಕೆರಿಯೊಳಗ ಅದು ದುಡ್ಡ ನೀರಿಗೆ ಹಾಕಿದಂಗ.

ಕ್ರ್ಯಾಂಕ್‌ಬೈಟ್ ಐದೂ ಹೋದ್ವು. ಮುಂದ ಪ್ಲಾಸ್ಟಿಕ್ ನಾಲಿಗಿ, ಎಳದಷ್ಟೂ ಕೆಳಗ ಮುಳಗ್ತೈತಿ, ಹೊಟ್ಟಿಗೆ ಮೂರ ಮೊನಿ ಗಾಳ ಎರಡು. ನಮ್ಮ ಕೆರಿ ತಳದಾಗ ಜಾಲಿ ಬೊಡ್ಡಿ ಎಷ್ಟ ಅದಾವ ಅನ್ನೂದು ನನಗ ಆಗ ಗೊತ್ತಾತು. ಜಿಗ್ ಅನ್ನೋ ಸೀಸದ ತಲಿ ಗಾಳದ ಬಗ್ಗೆ ಏನೂ ಬರಿಯೂದಿಲ್ಲ, ನನಗ ಕೈ ಹತ್ತಲಿಲ್ಲ.

ಸ್ಪಿನ್ನರ್‌ಬೈಟ್ ಮಾತ್ರ ಮಳಿಗಾಲದ ಸಾಮಾನು ಅಂತ ಗಟ್ಟಿ ಹೇಳ್ತೀನಿ. ಎರಿ ಹೊಲದ ನೀರ ಹರದು ಬಂದು ಕೆರಿ ಎಲ್ಲಾ ಚಾದಂಗ ರಾಡಿ ಆಗಿರ್ತೈತಿ, ಗೇಣ ಕೆಳಗ ಏನೂ ಕಾಣೂದಿಲ್ಲ, ಆವಾಗ ಮೀನ ಕಣ್ಣಿಲೆ ಬ್ಯಾಟಿ ಆಡೂದಿಲ್ಲ, ಮೈ ಬಾಜೂಕ ಉದ್ದಕ ಒಂದ ಗೆರಿ ಇರ್ತೈತಲ್ಲ, ಆ ಗೆರಿಯಿಂದ ನೀರಿನ ಅದುರ ಹಿಡೀತೈತಿ. ಎರಡ ಹಿತ್ತಾಳಿ ಎಲಿ ಗರಗರ ತಿರಗಿದ್ರ ಅದಕ್ಕ ದೂರದಿಂದ ಗೊತ್ತಾಗ್ತೈತಿ. ಮತ್ತ ರಾಡಿ ನೀರಿಗೆ ಕರಿ ಬಣ್ಣಾನ ಹಾಕಬೇಕು, ಹೊಳೆಯೂದಲ್ಲ. ಕೆಳಗಿಂದ ಮ್ಯಾಲ ನೋಡೋ ಮೀನಿಗೆ ಆಕಾಶ ಬೆಳ್ಳಗ, ಅದರ ಮುಂದ ಕರಿ ನೆರಳ ಚಲೋ ಕಾಣ್ತೈತಿ. ಇದನ್ನ ನೀ ಹೇಳಿದಾಗ ನಾ ನಂಬಿರಲಿಲ್ಲ.

ಆ ಬೆಳ್ಳಿ ಬಣ್ಣದ ರಾಪಾಲಾ ನೀರಿಗೆ ಹಾಕೇ ಇಲ್ಲ, ದೇವರ ಜಗಲಿ ಬಾಜೂಕ ಇಟ್ಟೀನಿ. ಅದರ ಕತಿ ನನಗ ಭಾಳ ಸೇರ್ತೈತಿ. ಫಿನ್‌ಲೆಂಡಿನ ಲಾರಿ ರಾಪಾಲಾ, ಹೊಟ್ಟಿಪಾಡಿಗೆ ಮೀನ ಹಿಡಿಯೋ ಮನಶ್ಯಾ, ದೋಣಿ ಹುಟ್ಟ ಹಾಕಕೋತ ನೀರಾಗ ನೋಡಿದ್ನಂತ, ಸಾವಿರ ಸಣ್ಣ ಮೀನ ಹೊಂಟಿದ್ರೂ ದೊಡ್ಡ ಮೀನ ಬಂದು ಹೊಡಿಯೂದು ಒಂದ ಕುಂಟೋ ಮೀನಿಗೇ. 1936ರಾಗ ಬೂಚಿನ ತುಂಡ ಚಾಕುವಿಲೆ ಕೆತ್ತಿ, ಚಾಕ್ಲೇಟ್ ಸುತ್ತೋ ಬೆಳ್ಳಿ ಕಾಗದ ಹಚ್ಚಿ, ಫೋಟೋ ನೆಗೆಟಿವ್ ಕರಗಿಸಿ ಮ್ಯಾಲ ಬಳದು, ಕುಂಟೋ ಮೀನ ಮಾಡಿದ. 1962ರಾಗ ಲೈಫ್ ಪತ್ರಿಕಿಯೊಳಗ ಅದರ ಬಗ್ಗೆ ಬಂತು, ಮರ್ಲಿನ್ ಮನ್ರೋ ತೀರಿಕೊಂಡಾಗಿನ ಸಂಚಿಕಿ, ಮುಖಪುಟದಾಗ ಆಕಿನ, ಹಿಂಗಾಗಿ ಅಮೇರಿಕಾದಾಗ ಮನಿಮನಿಗೆ ಮುಟ್ಟಿತು. ನನಗ ಮನ್ರೋ ವಿಷಯಕ್ಕಿಂತ ದೋಣಿಯೊಳಗ ಕುಂತು ನೋಡಿದ್ದ ದೊಡ್ಡದು. ಮೀನ ಹಿಡಿಯಾಕ ಬಂದಾಂವ ಮೀನನ್ನ ನೋಡಿದ.

ಹಂಗ ನೋಡಿದ ಇನ್ನೊಬ್ಬನ್ನ ನೀನೂ ಕಂಡೀ. ಚೌಡದಾನಪುರದ ಕಾಕಾ. ಹೈಸ್ಕೂಲ್ ಸೂಟಿಯೊಳಗ ನಮ್ಮ ಅವ್ವನ ತವರಿಗೆ ಹೋದಾಗ ನಾವಿಬ್ಬರೂ ಮುಕ್ತೇಶ್ವರ ಗುಡಿ ಹಿಂದ ಹೊಳಿಗೆ ಇಳೀತಿದ್ವಿ, ತುಂಗಭದ್ರಾ ಬ್ಯಾಸಗಿಯೊಳಗ ಬಂಡಿ ನಡುವ ಸಣ್ಣಗ ಹರೀತಿತ್ತು, ಕಾಕಾ ಹರಗೋಲ ಕೌಚಿ ಹಾಕಿ ಅದರ ನೆರಳಾಗ ಬಲಿ ಹೊಲಕೋತ ಕುಂತಿರ್ತಿದ್ದ. ಅಂಬಿಗರ ಚೌಡಯ್ಯನ ಊರಾಂವ ನಾ, ಸುಳ್ಳ ಹೇಳೂದಿಲ್ಲ ಅಂತ ಪ್ರತಿ ಮಾತಿಗೂ ಅಂತಿದ್ದ. ಅಂವ ನಮಗ ಹೇಳಿದ್ದ ಒಂದ ಮಾತ ನಿನಗ ನೆನಪೈತೋ ಇಲ್ಲೋ. ನನಗ ನೆನಪಿತ್ತು. ಪೂರಾ ನೆನಪಿತ್ತು. ಅದನ್ನ ಆಮ್ಯಾಲ ಬರೀತೀನಿ.

ಈಗ ಕಪ್ಪಿ.

ಒಳಗ ಪೊಳ್ಳ ಇರೋ ರಬ್ಬರ್ ಕಪ್ಪಿ, ಹಿಂದ ಎರಡ ಗಾಳ ಮ್ಯಾಲ ಮುಖಾ ಮಾಡಿ ಮೈಗೆ ಅಂಟಿಕೊಂಡಿರ್ತಾವ, ಅಂತರಗಂಗಿ ಮ್ಯಾಲ ಎಳದ್ರೂ ಸಿಗೂದಿಲ್ಲ, ಮೀನ ಬಾಯಿ ಮುಚ್ಚಿದಾಗ ರಬ್ಬರ್ ಒತ್ತಿ ಮೊನಿ ಹೊರಗ ಬರ್ತಾವ. ಅಮೇರಿಕಾದ ಕಟ್ಟಿಗಿ ಲೂರ್ ಧಂದೆ ಹುಟ್ಟಿದ್ದೂ ಕಪ್ಪಿಯಿಂದನ ಅಂತಾರ, ಮಿಶಿಗನ್‌ದ ಜೇಮ್ಸ್ ಹೆಡನ್ 1890ರ ದಶಕದಾಗ ಕಟ್ಟಿಗಿ ಕಪ್ಪಿ ಕೆತ್ತತಿದ್ದನಂತ. ನಮಗ ಇದಕ್ಕಿಂತ ಹೊಂದೋ ಲೂರ್ ಇನ್ನೊಂದಿಲ್ಲ. ನಮ್ಮ ಕೆರಿ ಅಂದ್ರ ಅರ್ಧ ಅಂತರಗಂಗಿ, ಅದರ ಕೆಳಗ ಗಾಳಿ ಇಲ್ಲದ ನೀರ, ಭಾಳಷ್ಟ ಮೀನ ಅಲ್ಲಿ ಬಾಳೂದಿಲ್ಲ. ಮುರ್ರೆಲ್ ಬಾಳ್ತೈತಿ, ಯಾಕಂದ್ರ ಅದು ನಮ್ಮಂಗ ಮ್ಯಾಲಿನ ಗಾಳಿ ಕುಡೀತೈತಿ. ಕುಡಿಯಾಕ ಮ್ಯಾಲ ಬರಲೇಬೇಕು. ಮುಂಜಾನೆ ಗಾಳಿ ಬೀಸದ ಹೊತ್ತಿನಾಗ ದಂಡಿಗೆ ಕುಂತ್ರ ಎಲಿ ಸಂದಿಯೊಳಗ ಗುಳುಂ ಅನ್ನೋ ಸಪ್ಪಳ, ಒಂದ ಉಂಗುರ, ಅಷ್ಟ. ಆ ಉಂಗುರದ ಮ್ಯಾಲ ಹಾಕಬಾರದು, ಅದರ ಆಚಿಗೆ ಎರಡ ಮಾರ ದೂರ ಹಾಕಿ, ಕಪ್ಪಿಯನ್ನ ಎಲಿ ಮ್ಯಾಲಿಂದ ನಡಸಕೋತ ತಂದು, ನೀರ ಕಾಣೋ ತೂತಿನಾಗ ಇಳಿಸಿ, ನಿಲ್ಲಿಸಬೇಕು. ನಿಲ್ಲಿಸೂದು ಎಲ್ಲಾಕ್ಕಿಂತ ತ್ರಾಸಿನ ಕೆಲಸ. ಹೊಡದಾಗ ಬಾಂಬ್ ಬಿದ್ದಂಗ ನೀರ ಹಾರತೈತಿ, ಎದಿ ಝಲ್ ಅಂತೈತಿ, ಕೈ ತಾನ ಕೋಲ ಎತ್ತತೈತಿ, ಎತ್ತಿದ್ಯೋ ಹೋತು, ಕಪ್ಪಿ ಹಾರಿ ನಿನ್ನ ಮಾರಿಗೆ ಬರ್ತೈತಿ. ಒಂದ, ಎರಡ ಅಂತ ಎಣಸಿ, ಮೀನ ಬಾಯಿ ಮುಚ್ಚಿ ತಿರುವಿ ಕೆಳಗ ಹೋಗೂದನ್ನ ಕಾಯಬೇಕು. ಐವತ್ತ ಪೌಂಡಿನ ಬ್ರೇಡ್ ದಾರ ಹೆಚ್ಚಾಗೂದಿಲ್ಲ, ಯಾಕಂದ್ರ ಮೀನಿನ ಜೋಡಿ ಐದ ಕಿಲೋ ಅಂತರಗಂಗಿನೂ ಎಳೀಬೇಕಾಗ್ತೈತಿ.

ಇಷ್ಟೆಲ್ಲಾ ಗೊತ್ತಿದ್ದೂ ಮೇದಿಂದ ಜೂನ್ ತನಕಾ ಒಂಬತ್ತ ಐತವಾರ ನನ್ನ ಕಪ್ಪಿಗೆ ಒಂದೂ ಬೀಳಲಿಲ್ಲ. ಹೊಡೀತಾವ, ತಪ್ಪತಾವ. ಒಂಬತ್ತ ಐತವಾರ, ಮುಂಜಾನೆ ನಾಕೂವರಿಗೆ ಎದ್ದು.

ಆಮ್ಯಾಲ ಒಂದ ಶುಕ್ರವಾರ ನಿನ್ನ ಫೋಟೋ ಬಂತು. ಏಳ ಪೌಂಡಿನ ಬಾಸ್, ವಾಪರ್ ಪ್ಲಾಪರ್ ಅನ್ನೋ ಲೂರ್ ಬಾಯಾಗ ಹಂಗ ಸಿಕ್ಕೊಂಡೈತಿ, ನೀ ಬಿಳಿ ಟೋಪಿ ಹಾಕ್ಕೊಂಡು ನಗಾಕತ್ತೀದಿ, ಹಿಂದ ನಿನ್ನ ಸ್ವಂತ ಬೋಟ್. ಕೆಳಗ ಬರದಿದ್ದಿ, "ನಿಮ್ಮ ಕೆರಿಯೊಳಗ ಏನೈತಿ?" ಅಂತ. ನೀ ಮೀನ ಕೇಳಿದ್ದಿ, ಅದು ನನಗ ಗೊತ್ತಿತ್ತು. ನಾ ನಗುವ ಗುರ್ತ ಕಳಿಸಿ ಫೋನ್ ಕೆಳಗಿಟ್ಟ್ನಿ, ರಾತ್ರಿ ನಿದ್ದಿ ಬರಲಿಲ್ಲ.

ಆ ಐತವಾರ ಆರಿದ್ರಾ ಮಳಿ ಒಂದ ಚಲೋ ಹೊಡ್ತಾ ಹೊಡದಿತ್ತು. ಕೆರಿ ಹೆಸರ ಬರಿಯೂದಿಲ್ಲ, ನಿನಗ ಗೊತ್ತೈತಿ. ಬಡಗಣ ದಂಡಿಗೆ ಹೋದಾಗ ಅಂತರಗಂಗಿ ಅಂಚಿನಾಗ ನೀರ ಮ್ಯಾಲ ಒಂದ ಊಟದ ತಾಟಿನಷ್ಟು ಜಾಗಾ ಕೆಂಪಗ ಕಾಣ್ತು. ಮಳಿ ನಿಂತಿತ್ತು, ಆದ್ರ ಅಷ್ಟ ಜಾಗಾದಾಗ ಮಾತ್ರ ಸಣ್ಣ ಮಳಿ ಬಿದ್ದಂಗ ನೀರ ಚಿಟಿಚಿಟಿ ಅನ್ನಾಕತ್ತಿತ್ತು. ಸಾವಿರ ಮರಿ, ಒಂದೊಂದು ಜೀರಿಗಿಗಿಂತ ಸ್ವಲ್ಪ ದೊಡ್ಡವು, ಕೆಂಪ ಕಿತ್ತಳಿ ಬಣ್ಣ, ಎಲ್ಲಾ ಒಂದ ಉಂಡಿ ಕಟ್ಟಿಕೊಂಡು ಗಾಳಿ ಕುಡಿಯಾಕ ಮ್ಯಾಲ ಬರ್ತಾವ ಕೆಳಗ ಹೋಗ್ತಾವ. ಮುರ್ರೆಲ್ ಮರಿ. ಅವುಗಳ ಕೆಳಗ ಅವ್ವ ಅಪ್ಪ ಇಬ್ಬರೂ ಇರ್ತಾರ, ವಾರಗಟ್ಟಲೆ ಕಾಯ್ತಾರ, ಕಪ್ಪಿ ಬಂದ್ರೂ ಹೊಡೀತಾರ, ಹಾವ ಬಂದ್ರೂ ಹೊಡೀತಾರ.

ಕಾಕಾ ಹೇಳಿದ್ದು ಇದು. "ಮರಿ ಮ್ಯಾಲಿದ್ದ ಮೀನಿನ ತಂಟಿಗೆ ಹೋಗಬ್ಯಾಡ್ರೋ ತಮ್ಮಾ, ಅದು ಹಸವಿಗೆ ಬಾಯಿ ಹಾಕೂದಿಲ್ಲ."

ನನಗ ನೆನಪಾಗಲಿಲ್ಲ ಅಂತ ಬರದ್ರ ಅದು ಸುಳ್ಳು. ಕೋಲ ಎತ್ತಿದಾಗ ಕಾಕಾನ ಧ್ವನಿ ಕಿವಿಯೊಳಗ ಇತ್ತು, ಬಲಿ ಹೊಲಿಯೋ ಸೂಜಿ ಬಾಯಾಗ ಹಿಡಕೊಂಡು ಮಾತಾಡ್ತಿದ್ದನಲ್ಲ, ಹಂಗ. ನಾ ಬಿಳಿ ಕಪ್ಪಿ ಕಟ್ಟಿದ್ನಿ. ಮೊದಲನೇ ಸಲ ಮರಿ ಉಂಡಿ ಆಚಿಗೆ ಹಾಕಿ ಮ್ಯಾಲಿಂದ ಎಳದ್ನಿ, ನೀರ ಉಬ್ಬಿತು, ಮೀನ ಬಾಯಿ ತಗೀಲಿಲ್ಲ, ತಲಿಯಿಂದ ದೂಡಿತು. ಅಂದ್ರ ನಡಿ ಅಂತು. ಎರಡನೇ ಸಲ ಹಾಕಿದ್ನಿ, ಬಾಲಾ ಬಡೀತು. ಮೂರನೇ ಸಲ ಮರಿ ನಡುವನ ಇಳಿಸಿ ನಿಲ್ಲಿಸಿದ್ನಿ. ನಿಲ್ಲಿಸೂದು ತ್ರಾಸು ಅಂತ ಮ್ಯಾಲ ಬರದೆನಲ್ಲ, ಆವತ್ತ ತ್ರಾಸ ಆಗಲಿಲ್ಲ. ಒಂಬತ್ತ ಐತವಾರ ಆಗದ್ದು ಐದ ಮಿನಿಟಿನಾಗ ಆತು. ಮೂರ ಕಿಲೋ ಇನ್ನೂರ ಗ್ರಾಂ, ನೀ ಕಳಿಸಿದ ತೂಗೋ ಕೊಂಡಿಗೇ ತೂಗಿದ್ನಿ.

ಸಾವಜಿ ಮಸಾಲಿ ಹಾಕಿ ಮಾಡಿದ್ರು. ಮೀನ ಸೀಳಿದಾಗ ಹೊಟ್ಟಿ ಖಾಲಿ. ಒಂದ ಸಣ್ಣ ಶೀಗಡಿ ಸುದ್ದಾ ಇರಲಿಲ್ಲ. ನಮ್ಮಾಕಿ "ಇಷ್ಟ ದೊಡ್ಡ ಮೀನಾ, ಏನೂ ತಿಂದಿಲ್ಲಲ್ರೀ" ಅಂದಳು. ಮಳಿ ಬಿದ್ದಿತ್ತಲ್ಲ ಅದಕ್ಕ ಅಂದ್ನಿ.

ಊಟಾ ಮಾಡಿದ್ನಿ.

ಸಂಜಿ ಮುಂದ ಫೋಟೋ ಹಾಕಿದ್ನಿ, ನಿನಗ ಕಾಣಲಿ ಅಂತ ಹಾಕಿದ್ನಿ, ನೀನ ಮೊದಲ "ಯಪ್ಪಾ!" ಅಂತ ಬರದಿ. ಹುಡುಗೂರು ಕೇಳಿದ್ರು, ಅಣ್ಣಾ ಯಾವ ಲೂರ್? ನಾ ಬರದದ್ದು ಇನ್ನೂ ಅಲ್ಲೇ ಐತಿ, ಅಳಿಸಿಲ್ಲ: "ಬಿಳಿ ಕಪ್ಪಿ ಹಾಕ್ರಿ. ಮುಂಜಾನೆ ಆರಕ್ಕ, ಅಂತರಗಂಗಿ ಅಂಚಿಗೆ. ಮೂರನೇ ಸಲಕ್ಕ ಬಿತ್ತು." ಇದರಾಗ ಒಂದ ಅಕ್ಷರಾ ಸುಳ್ಳಿಲ್ಲ ನೋಡು. ಬಿಳಿ ಕಪ್ಪಿ ಖರೇ, ಆರ ಗಂಟೆ ಖರೇ, ಅಂಚು ಖರೇ, ಮೂರ ಸಲ ಖರೇ. ಕೆರಿ ಯಾವುದು ಅಂದಾಂವಗೂ ಹೇಳಿದ್ನಿ. ಆ ಹೊತ್ತಿಗೆ ಎಷ್ಟ ಮಂದಿ ಕೇಳಾಕತ್ತಿದ್ರು, ಒಂದೊಂದ ಸಲ ಫೋನ್ ಅದುರಿದಾಗ್ಲೂ ನಾ ಇನ್ನೊಂದಿಷ್ಟು ಹೇಳತಿದ್ನಿ.

ಮರುದಿನ ಸೋಮವಾರ ಮುಂಜಾನೆ ಒಬ್ಬ ಹುಡುಗ ಅದ ಜಾಗಾಕ್ಕ ಹೋಗಿ ಎರಡನೇದನ್ನ ಹಿಡದ. ಜೋಡಿಯೊಳಗ ಉಳದಿತ್ತಲ್ಲ ಅದನ್ನ. ನನಗ ಫೋಟೋ ಕಳಿಸಿ "ನಿಮ್ಮ ಆಶೀರ್ವಾದ ಅಣ್ಣಾ" ಅಂತ ಬರದ.

ಮುಂದಿನ ಐತವಾರ ಏಳ ಬೈಕು. ಎಲ್ಲಾರ ಕೈಯಾಗೂ ಬಿಳಿ ಕಪ್ಪಿ, ಆನ್‌ಲೈನ್ ತರಿಸ್ಯಾರ, ಇಬ್ಬರು ಹವಾಯಿ ಚಪ್ಪಲಿ ಕೊಯ್ದ ತಾವ ಮಾಡಕೊಂಡಿದ್ರು, ಅದನ್ನ ನೋಡಿದಾಗ ಖರೇನ ಖುಷಿ ಆತು, ಎಷ್ಟ ಚಂದ ಕೆತ್ತಿದ್ರು ಅಂತಿ. ಅವರಾಗ ಎಲ್ಲಾಕ್ಕಿಂತ ಸಣ್ಣಾಂವ ಓಡಿ ಬಂದು, "ಅಣ್ಣಾ, ಕೆಂಪ ಮರಿ ಕಂಡಲ್ಲೆ ಹಾಕಿದ್ರ ಗ್ಯಾರಂಟಿ ಬೀಳ್ತಾವ, ನಾವ ಕಂಡ ಹಿಡದೀವಿ" ಅಂದ. ಆ ಹುಡುಗ ಕಣ್ಣ ಅಗಲ ಮಾಡಿ ನಿಂತಿದ್ದ. ಆಗರೆ ಹೇಳಬೇಕಿತ್ತು. ಬ್ಯಾಡಪಾ, ಅದು ಹಸವಿಗೆ ಬಾಯಿ ಹಾಕೂದಿಲ್ಲ ಅಂತ ಒಂದ ಮಾತು. ಹೇಳಿದ್ರ "ಮತ್ತ ನಿಮ್ಮದು ಹೆಂಗ ಬಿತ್ತು ಅಣ್ಣಾ" ಅಂತ ಕೇಳ್ತಿದ್ದ. ನಾ "ಹೌದಾ?" ಅಂದ್ನಿ. ಹೌದಾ ಅಂದು ಚಾ ಕುಡ್ಯಾಕ ಹೋದ್ನಿ.

ಆ ಒಂದ ತಿಂಗಳದಾಗ ಫೋಟೋದಾಗ ನಾ ಎಣಿಸಿದ್ದು ಹನ್ನೊಂದು.

ಒಂದ ಸಂಜಿ ಒಬ್ಬನ ಹೋದ್ನಿ, ಕೋಲ ಒಯ್ಯಲಿಲ್ಲ. ಪಡುವಣ ದಂಡಿಗೆ ಒಂದ ಮರಿ ಉಂಡಿ ಇತ್ತು, ಉಂಡಿ ಅನ್ನಾಕ ಬರೂದಿಲ್ಲ, ಒಡದ ಹೋಗಿತ್ತು, ಇಲ್ಲಿ ಹತ್ತ ಅಲ್ಲಿ ಇಪ್ಪತ್ತ, ಕೆಳಗಿಂದ ಜಿಲೇಬಿ ಮೀನ ಬಂದ ಬಂದ ಬಾಯಿ ಹಾಕತಿದ್ವು. ಮರಿ ಗಾಳಿಗೆ ಮ್ಯಾಲ ಬರಲೇಬೇಕಲ್ಲ. ಬಂದಾಗೊಮ್ಮೆ ಟಪ್ ಅಂತ ಒಂದ ಸಪ್ಪಳ. ಕತ್ತಲಾಗೂ ತನಕಾ ಕುಂತಿದ್ನಿ. ಆ ಟಪ್ ಅನ್ನೂದು ಈಗಲೂ ಕೇಳ್ತೈತಿ, ನಳದ ನೀರ ಬಕೆಟ್‌ಗೆ ಬಿದ್ರೂ ಹೊಳ್ಳಿ ನೋಡ್ತೀನಿ.

ಕಾರವಾರದಾಗ ಜೂನ್ 1ರಿಂದ 61 ದಿನಾ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೂ ಹಂಗಿಲ್ಲ, ಮೀನ ಮರಿ ಮಾಡೋ ಕಾಲ ಅಂತ. ಬೋಟಿನ ಸಾಲ ಇದ್ದಾಂವ, ಮನಿ ತುಂಬಾ ಮಕ್ಕಳಿದ್ದಾಂವ, ಎರಡ ತಿಂಗಳ ಬಲಿ ಮಡಚಿ ಇಡ್ತಾನ. ನಾ ಪಗಾರ ಇರೋ ಮನಶ್ಯಾ, ಐತವಾರಕ್ಕೊಮ್ಮೆ ಖುಷಿಗೆ ಹೋಗಾಂವ, ನನಗ ಒಂದ ತಾಟಿನಷ್ಟು ನೀರ ಬಿಡಾಕ ಆಗಲಿಲ್ಲ.

ಈಗ ನಿನಗ ಹೇಳಬೇಕಾದ್ದು. ಮಾರ್ಚ್‌ದಾಗ ನೀ ಫೋನ್ ಮಾಡಿದ್ದಿ ನೆನಪೈತಲ್ಲ, ಬಾಸ್ ಗೂಡ ಕಟ್ಯಾವ, ನೀರ ತಿಳಿ ಐತಿ, ದಂಡಿ ಹಂತೇಕನ ಕಾಣ್ತಾವ ಅಂತ. ಗಂಡ ಮೀನ ಬಾಲದಿಂದ ತಳಾ ಝಾಡಿಸಿ ದುಂಡಗ ಗೂಡ ಮಾಡ್ತೈತಿ, ಹೆಣ್ಣ ತತ್ತಿ ಇಟ್ಟು ಹೋಗ್ತೈತಿ, ಅಪ್ಪ ಒಬ್ಬನ ಕಾಯ್ತಾನ, ಗೂಡಿನಾಗ ಏನ ಬಿದ್ರೂ ಬಾಯಿಲೆ ಎತ್ತಿ ಹೊರಗ ಒಗೀತಾನ, ಅದಕ್ಕ ಬಿಳಿ ಹುಳಾ ಗೂಡಿನಾಗ ಇಳಿಸಿದ್ರ ಬೀಳಲೇಬೇಕು ಅಂತ ನೀ ಹೇಳಾಕತ್ತಿದ್ದಿ. ನಾ ಅಲ್ಲಿಗೇ ತಡದು ನಿನಗ ಅರ್ಧಾ ತಾಸ ಬುದ್ಧಿ ಹೇಳಿದ್ನಿ. ನೀ ಬಿಡಸ್ತೀನಲೇ, ಮತ್ತ ನೀರಿಗೇ ಬಿಡ್ತೀನಿ ಅಂದ್ರೂ ಕೇಳಲಿಲ್ಲ, ನೀ ಫೋಟೋ ತಗಿಯೂದ್ರಾಗ ಬ್ಲೂಗಿಲ್ ಅನ್ನೋ ಸಣ್ಣ ಮೀನ ಬಂದು ತತ್ತಿ ತಿಂದು ಹೋಗಿರ್ತಾವ, ಹೊಳ್ಳಿ ಹೋಗಿ ಏನ ಕಾಯಬೇಕದು ಅಂದ್ನಿ, ಕಾಕಾನ ಮಾತೂ ಎತ್ತಿದ್ನಿ, ನಿನ್ನ ಬೋಟಿನ ಮ್ಯಾಲೂ ಏನೋ ಅಂದ್ನಿ. ನೀ ಎರಡ ವಾರ ಫೋನ್ ಮಾಡಲಿಲ್ಲ. ಆಮ್ಯಾಲ ಒಂದ ದಿನಾ ಬರೇ ಇಷ್ಟ ಬರದು ಕಳಿಸಿದಿ, "ಗೂಡಿಗೆ ಹಾಕೂದು ಬಿಟ್ಟೆ." ಅಷ್ಟ. ನನ್ನ ಮಾತಿಗೆ ಬಿಟ್ಟಿ.

ಆ ಏಳ ಪೌಂಡಿನ ಮೀನ ನೀ ಗೂಡ ಬಿಟ್ಟು, ನಡುನೀರಾಗ, ಕಾಯ್ದು ಕಾಯ್ದು ಹಿಡದದ್ದು. ಅದನ್ನ ನೋಡಿ ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ಮೀನಿಗೆ ಅಷ್ಟ ಅಲ್ಲ. ಬೋಟಿಗೆ, ಟೋಪಿಗೆ, ನೀ ಇಲ್ಲಿಂದ ಹೋದದ್ದಕ್ಕ, ಹೋದಾಂವ ಅಲ್ಲೂ ನೀರ ದಂಡಿ ಹುಡುಕಿ ಆರಾಮ ಇದ್ದದ್ದಕ್ಕ. ನಾವಿಬ್ಬರೂ ಅದ ಪರೀಕ್ಷಾ ಬರದ್ವಿ, ನನ್ನ ಅರ್ಜಿನೂ ತಯಾರಿತ್ತು, ಅಪ್ಪಗ ಲಕ್ವಾ ಹೊಡೀತು, ನಾ ಉಳದ್ನಿ, ಅದರ ಬಗ್ಗೆ ನನಗ ಬ್ಯಾಸರಿಲ್ಲ ಅಂತ ಹದಿನೈದ ವರ್ಷ ಎಲ್ಲಾರಿಗೂ ಹೇಳೀನಿ. ಅಪ್ಪನ್ನ ನೋಡಿಕೊಂಡದ್ದಕ್ಕ ಖರೇನ ಬ್ಯಾಸರಿಲ್ಲ. ಆದ್ರ ನಿನ್ನ ಫೋಟೋ ಬಂದ ದಿನಾ ಫೋನ್ ಬೋರ್ಲ ಇಡ್ತೀನಿ. ಇದನ್ನ ಬರಿಬೇಕು ಅಂತ ಕುಂತಿರಲಿಲ್ಲ. ಲೂರ್ ಬಗ್ಗೆ ಬರಿಯಾಕ ಕುಂತಿದ್ನಿ.

ಬರದೀನಿ, ಇರ್ಲಿ. ನೀ ಓದಿ ಸಿಟ್ಟಾದ್ರ ಎರಡ ವಾರ ಸಾಕು, ಹಿಂದಿನ ಲೆಕ್ಕಾನ.

ಜಾರ್ಜಿಯಾದ ಜಾರ್ಜ್ ಪೆರ್ರಿ 1932ರ ಜೂನ್ 2ಕ್ಕ ಹಿಡದ ಬಾಸ್ ಇಪ್ಪತ್ತೆರಡೂಕಾಲ ಪೌಂಡು, ಹತ್ತ ಕಿಲೋ ಮ್ಯಾಲ, ಲೋಕದ ದಾಖಲೆ. ಅದನ್ನೂ ಮನಿಗೆ ಒಯ್ದು ಅಡಗಿ ಮಾಡಿದ್ರು. ಬಡತನದ ಕಾಲ, ಮನಿ ತುಂಬಾ ಉಣ್ಣೋರು. 2009ರಾಗ ಜಪಾನಿನ ಬಿವಾ ಕೆರಿಯೊಳಗ ಮನಾಬು ಕುರಿಟಾ ಅನ್ನಾಂವ ಅದಕ್ಕ ಸರಿಸಮ ಹಿಡದ, ಅವನ ಗಾಳಕ್ಕ ಲೂರ್ ಇರಲಿಲ್ಲ, ಜೀವಂತ ಬ್ಲೂಗಿಲ್ ಇತ್ತು. ಸಣ್ಣಾಕಿಗೆ ಇವೆರಡೂ ಕತಿ ಹೇಳಿದ್ನಿ. ಆಕಿ ಕೇಳಿದ್ದು ಒಂದ, "ಆ ಮೀನಿಗೆ ಮರಿ ಇದ್ವೇನು?" ಮಕ್ಕಳಿಗೆ ನಾವು ಹೇಳದ್ದೂ ಹೆಂಗ ಗೊತ್ತಾಗ್ತೈತೋ ದೋಸ್ತ.

ಹುಡುಗೂರ, ಓದಾಕತ್ತೀರಲ್ಲ, ಕೆಂಪ ಮರಿ ಕಂಡ್ರ ಕೋಲ ಕೆಳಗಿಟ್ಟು ಕುಂದರ್ರಿ. ನೋಡ್ರಿ ಅಷ್ಟ. ನನ್ನ ಮೂರ ಕಿಲೋದ್ದು ಹೆಂಗ ಬಿತ್ತು ಅಂತ ಈಗ ಗೊತ್ತಾತಲ್ಲ. ಈ ಐತವಾರ ನಾ ಕೆರಿಗೆ ಬರ್ತೀನಿ, ನಿಮಗ ಏನ ಅನ್ಬೇಕು ಅನಸ್ತೈತೋ ಅಲ್ಲೇ ಅನ್ರಿ, ಚಪ್ಪಲಿ ಕಪ್ಪಿ ಮಾಡಿದ ಇಬ್ಬರು ಇನ್ನ ನಾಕ ಮಾಡಕೊಂಡ ಬರ್ರಿ, ಕರಿ ಬಣ್ಣದಾಗ, ರೊಕ್ಕಾ ಕೊಟ್ಟ ತಗೋತೀನಿ.

ದೋಸ್ತ, ಮುಂದಿನ ಡಬ್ಬಿಯೊಳಗ ಕ್ರ್ಯಾಂಕ್‌ಬೈಟ್ ಬ್ಯಾಡ, ಜಾಲಿ ಬೊಡ್ಡಿಗೆ ಸಾಕಷ್ಟ ಕೊಟ್ಟೀನಿ. ಕರಿ-ನೀಲಿ ಹುಳಾ ಎರಡ ಪಾಕೀಟು, ಹಿತ್ತಾಳಿ ಎಲಿ ಇರೋ ಸ್ಪಿನ್ನರ್‌ಬೈಟ್ ಸಿಕ್ಕಷ್ಟು, ಕಪ್ಪಿ ಯಾವ ಬಣ್ಣಾನೂ ಆಗ್ಲಿ, ಬಿಳಿ ಬಿಟ್ಟು. ನಾ ಲೈನ್ ಬಜಾರದಿಂದ ಪೇಡಾ ಕಳಸ್ತೀನಿ, ಬರೋರ ಕೈಯಾಗ, ಪೋಸ್ಟಿನಾಗ ಹೋದ್ರ ಪುಡಿ ಆಗ್ತಾವ. ಡಿಸೆಂಬರ್‌ಕ್ಕ ಬರ್ತೀ ಅಂದೀದಿ, ಬಂದ ದಿನಾನ ದುರ್ಗದಬೈಲಿನಾಗ ಗಿರ್ಮಿಟ್ಟು, ಮಿರ್ಚಿ, ಮರುದಿನ ಚೌಡದಾನಪುರ. ಕಾಕಾ ಹೋಗಿ ಭಾಳ ವರ್ಷ ಆತು, ಹೊಳಿ ಐತಿ. ಕೋಲ ಒಯ್ಯೂನೋ ಬ್ಯಾಡೋ ಅಲ್ಲೇ ಹೋಗಿ ನೋಡೂಣು.

ಬರಾಕರ ಬಕೆಟ್‌ಗೆ ಒಂದ ಹಿಡಿಕಿ ತಗೊಂಡ ಬಾ. ಹಸರದ.

ನಿನ್ನ,
ಕೆಲಗೇರಿ ದಂಡಿಯಾಂವ